ಪೆರು ಪ್ರವಾಸಕ್ಕೆ ಹಾಸನದಿಂದ ಸಿದ್ಧತೆ



ಹಾಸನದ ಒಂದು ಕಾಲೇಜಿನಲ್ಲಿ ನಮ್ಮ ಮಾತುಕತೆಯ ಚಿತ್ರೀಕರಣ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಳಿಗೆ ಬಂದು, "ಸರ್, ನನಗೆ ಪೆರು ದೇಶ ನೋಡಬೇಕೆಂಬ ಆಸೆ. ತಯಾರಿ ಎಲ್ಲಿಂದ ಶುರು ಮಾಡಬೇಕು?" ಎಂದು ಕೇಳಿದಳು. ಪಾಸ್‌ಪೋರ್ಟಿನಿಂದ ಎಂದು ಹೇಳಹೊರಟವನಿಗೆ ಆ ದಿನ ಬೆಳಗಿನಿಂದ ನಾವು ಬಂದ ದಾರಿ ನೆನಪಾಯಿತು. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಬಳಿ ಹುರಿದ ಕಡಲೆಕಾಯಿ ಕೊಂಡಿದ್ದೆವು. ಹೊಳೆನರಸೀಪುರದ ಹೋಟೆಲೊಂದರಲ್ಲಿ ಟೊಮೆಟೊ ಸಾರಿನ ಊಟ ಮಾಡಿದ್ದೆವು. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳನ್ನು ನೋಡಿದ್ದೆವು. ಹಾಸನದ ಮಾರುಕಟ್ಟೆಯಲ್ಲಿ ಆಲೂಗೆಡ್ಡೆಯ ಮೂಟೆಗಳು ಸಾಲಾಗಿ ನಿಂತಿದ್ದವು. ಈ ನಾಲ್ಕು ಬೆಳೆಗಳ ಮೂಲವೂ ದಕ್ಷಿಣ ಅಮೆರಿಕ. "ನಿಮ್ಮ ಊರಿನ ಸಂತೆಯಿಂದಲೇ ಶುರು ಮಾಡಮ್ಮ" ಎಂದೆ. ಅವಳಿಗೆ ಅಂದು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಇತಿಹಾಸ. 12ನೇ ಶತಮಾನದಲ್ಲಿ ಹಳೇಬೀಡಿನ ದೇವಾಲಯ ಕಟ್ಟಿದ ಶಿಲ್ಪಿಗಳ ಊಟದಲ್ಲಿ ಆಲೂಗೆಡ್ಡೆ ಇರಲಿಲ್ಲ, ಟೊಮೆಟೊ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಖಾರಕ್ಕೆ ನಮ್ಮ ಮಲೆನಾಡಿನ ಕರಿಮೆಣಸು ಇತ್ತು. ಇಂಥ ಮೆಣಸನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು 1492ರಲ್ಲಿ ಪಶ್ಚಿಮಕ್ಕೆ ಹೊರಟ ಕೊಲಂಬಸನಿಗೆ ಸಿಕ್ಕಿದ್ದು ಬೇರೆಯ ಖಂಡ, ಬೇರೆಯ ಖಾರ. ಆ ಖಾರ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮಲ್ಲಿಗೆ ಬಂದಾಗ ನಮ್ಮ ಹಿರಿಯರು ಹಳೆಯ ಮೆಣಸಿನ ಹೆಸರಿಗೇ 'ಕಾಯಿ' ಸೇರಿಸಿ ಮೆಣಸಿನಕಾಯಿ ಎಂದು ಕರೆದರು. ಪರಂಗಿ ಹಣ್ಣಿನ ಹೆಸರಂತೂ ತಾನು ಪರದೇಶದ್ದೆಂದು ತಾನೇ ಹೇಳುತ್ತದೆ. ಆಲೂಗೆಡ್ಡೆಗೆ ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಇರುವ 'ಬಟಾಟೆ' ಎಂಬ ಹೆಸರು ಪೋರ್ಚುಗೀಸರದು. ಪೆರುವಿನ ಕೆಚುವಾ ಭಾಷೆಯಲ್ಲಿ ಅದು 'ಪಾಪಾ'.

ಇಲ್ಲಿ ಒಂದು ವಿವಾದವನ್ನೂ ತಿಳಿದಿರಬೇಕು. ನಮ್ಮ ಹೊಯ್ಸಳ ದೇವಾಲಯಗಳ ಕೆಲವು ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಆದ್ದರಿಂದ ಕೊಲಂಬಸನಿಗಿಂತ ಮೊದಲೇ ಅಮೆರಿಕದೊಡನೆ ಸಂಪರ್ಕವಿತ್ತು ಎಂದು 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ವಾದಿಸಿದರು. ಭಾರತದ ಸಸ್ಯವಿಜ್ಞಾನಿಗಳು 1993ರಲ್ಲಿ ಇದನ್ನು ಅಲ್ಲಗಳೆದು, ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಎಂದರು. ಆ ಕಾಲದ ಜೋಳದ ಕಾಳು ನೆಲದಡಿಯಲ್ಲಿ ಸಿಗದೆ ಕಲ್ಲಿನ ಹೋಲಿಕೆಯೊಂದರಿಂದಲೇ ಇಂಥ ತೀರ್ಮಾನಕ್ಕೆ ಬರಲಾಗದು. ಪ್ರವಾಸದಲ್ಲಿ ಮಾರ್ಗದರ್ಶಿಗಳು ಹೇಳುವ ಕಥೆಗಳನ್ನು ಕೇಳುವಾಗಲೂ ಈ ಎಚ್ಚರ ಇರಲಿ.

ಈಗ ಭೂಪಟ ಬಿಡಿಸಿ. ಹಾಸನ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿಯಲ್ಲಿದೆ. ಪೆರುವಿನ ರಾಜಧಾನಿ ಲಿಮಾ ದಕ್ಷಿಣಕ್ಕೆ ಸುಮಾರು 12 ಡಿಗ್ರಿ, ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಸುಮಾರು 13½ ಡಿಗ್ರಿ. ಅಕ್ಷಾಂಶದ ಲೆಕ್ಕದಲ್ಲಿ ಇವು ನಮ್ಮ ಊರುಗಳ ಕನ್ನಡಿ ಬಿಂಬಗಳು. ಆದರೆ ಹವೆ ಹಾಗಿಲ್ಲ. ಕರಾವಳಿಯುದ್ದಕ್ಕೂ ಹರಿಯುವ ಹಂಬೋಲ್ಟ್ ಶೀತ ಪ್ರವಾಹದಿಂದಾಗಿ ಲಿಮಾ ಸಮುದ್ರದ ಪಕ್ಕದಲ್ಲಿದ್ದರೂ ಮರುಭೂಮಿ. ಅದರ ಪೂರ್ವಕ್ಕೆ ಆಂಡೀಸ್ ಪರ್ವತಗಳು, ಪರ್ವತದಾಚೆ ಅಮೆಜಾನ್ ಕಾಡು. ಮರಳು, ಹಿಮ, ಮಳೆಕಾಡು ಮೂರೂ ಒಂದೇ ದೇಶದಲ್ಲಿವೆ. ಸಕಲೇಶಪುರದ ಮಳೆಯಿಂದ ಚನ್ನರಾಯಪಟ್ಟಣದ ಬಯಲಿಗೆ ಬಂದವರಿಗೆ ಇದು ತೀರ ಅಪರಿಚಿತವಲ್ಲ. ನಮ್ಮ ಜಿಲ್ಲೆಯಲ್ಲಿ ಅಳತೆ ಚಿಕ್ಕದು, ಅಲ್ಲಿ ಬಹು ದೊಡ್ಡದು.

ಕಾಲವನ್ನೂ ಲೆಕ್ಕಹಾಕಬೇಕು. ಅಲ್ಲಿನ ಬೆಟ್ಟಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಜೋರು ಮಳೆ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಹಾಸನದ ರೈತ ಮುಂಗಾರಿಗೆ ಮುನ್ನ ಬಿದ್ದ ಮಳೆಗೆ ಆಲೂಗೆಡ್ಡೆ ಬಿತ್ತುವ ಮೇ ತಿಂಗಳಲ್ಲಿ ಆಂಡೀಸಿನ ರೈತ ಅದನ್ನು ಅಗೆಯುತ್ತಿರುತ್ತಾನೆ. ಹೊರಡಲು ಅದೇ ಒಳ್ಳೆಯ ಸಮಯ. ಹಾಸನದಲ್ಲಿ ಬೆಳಗಿನ 6 ಗಂಟೆಯಾದಾಗ ಲಿಮಾದಲ್ಲಿ ಹಿಂದಿನ ದಿನದ ಸಂಜೆ 7.30.

ಪ್ರವಾಸದ ಕ್ರಮವನ್ನು ನಿರ್ಧರಿಸಬೇಕಾದದ್ದು ನಮ್ಮ ಶ್ವಾಸಕೋಶ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಸುಮಾರು ಶೇಕಡ 21. ಎತ್ತರ ಹೆಚ್ಚಿದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಹಾಸನದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಶೇಕಡ 90ರಷ್ಟಿದ್ದರೆ, 3,400 ಮೀಟರ್ ಎತ್ತರದ ಕುಸ್ಕೊದಲ್ಲಿ ಮೂರನೇ ಎರಡು ಭಾಗ ಮಾತ್ರ. ಏಕಾಏಕಿ ಅಲ್ಲಿ ಇಳಿದರೆ ತಲೆನೋವು, ವಾಕರಿಕೆ. ಆದ್ದರಿಂದ ಲಿಮಾದಲ್ಲಿ ಎರಡು ದಿನ ತಂಗಿ, ಕುಸ್ಕೊ ತಲುಪಿದೊಡನೆ ಅದಕ್ಕಿಂತ ತಗ್ಗಿನಲ್ಲಿರುವ ಪಿಸಾಕ್ ಕಣಿವೆಗೆ ಇಳಿಯುವುದು ಲೇಸು. ಅಲ್ಲಿಂದ 2,430 ಮೀಟರ್ ಎತ್ತರದ ಮಚುಪಿಚು. 15ನೇ ಶತಮಾನದಲ್ಲಿ ಇಂಕಾಗಳು ಗಾರೆಯಿಲ್ಲದೆ ಹೊಂದಿಸಿದ ಅಲ್ಲಿನ ಕಲ್ಲಿನ ಗೋಡೆಗಳನ್ನು ನೋಡುವಾಗ ಬೇಲೂರು, ಹಳೇಬೀಡುಗಳನ್ನು ನೆನೆಯಿರಿ. ಮಚುಪಿಚು 1983ರಲ್ಲಿ, ನಮ್ಮ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಮೇಲೆ ಕುಸ್ಕೊ ನಗರ, ಕೊನೆಗೆ 3,812 ಮೀಟರ್ ಎತ್ತರದ ಟಿಟಿಕಾಕಾ ಸರೋವರ. ಕಾಡನ್ನೂ ನೋಡುವುದಾದರೆ ಅಮೆಜಾನ್ ದಡದ ಇಕಿಟೋಸ್. ದೇಶದ ಉಳಿದ ಭಾಗದಿಂದ ಆ ನಗರಕ್ಕೆ ರಸ್ತೆಯಿಲ್ಲ. ವಿಮಾನ ಇಲ್ಲವೆ ದೋಣಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಮುನ್ನ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಪೆರುವಿನಿಂದ ಹಿಂದಿರುಗುವವರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಅದರ ಪ್ರಮಾಣಪತ್ರ ಕೇಳುತ್ತಾರೆ.

1532ರಲ್ಲಿ, ವಿಜಯನಗರದಲ್ಲಿ ಅಚ್ಯುತರಾಯ ಆಳುತ್ತಿದ್ದಾಗ, ಸ್ಪೇನಿನ ಪಿಜಾರೊ ಇನ್ನೂರಕ್ಕೂ ಕಡಿಮೆ ಜನರೊಂದಿಗೆ ಬಂದು ಇಂಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದ. ಬಂಗಾರ ಬೆಳ್ಳಿ ಸಾಗಿಹೋದವು. ಉಳಿದದ್ದು ಜನರ ಭಾಷೆ ಮತ್ತು ಬೀಜ. ಕೆಚುವಾ ಭಾಷೆ 1975ರಲ್ಲಿ ಅಧಿಕೃತ ಸ್ಥಾನ ಪಡೆಯಿತು. ಬೀಜದ ಕಥೆಗೆ ನಮ್ಮ ಹಾಸನಕ್ಕೂ ಸಂಬಂಧವಿದೆ.

ಟಿಟಿಕಾಕಾ ಸುತ್ತಿನ ಜನ ಆಲೂಗೆಡ್ಡೆಯನ್ನು ಸುಮಾರು 8,000 ವರ್ಷಗಳ ಹಿಂದೆಯೇ ಬೆಳೆಗೆ ತಂದರು. ರಾತ್ರಿಯ ಹಿಮದಲ್ಲಿ ಗೆಡ್ಡೆ ಹೆಪ್ಪುಗಟ್ಟಿಸಿ, ಹಗಲಿನಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಇಡುವ 'ಚುನ್ಯೊ' ಅವರದು. ಬೇಸಗೆಯಲ್ಲಿ ನಮ್ಮ ತಾಯಂದಿರು ತಾರಸಿಯ ಮೇಲೆ ಹಾಕುವ ಆಲೂಗೆಡ್ಡೆ ಸಂಡಿಗೆಗೆ ಅದನ್ನು ದೂರದ ನೆಂಟನೆನ್ನಬಹುದು. ಆಂಡೀಸಿನಲ್ಲಿ ಆಲೂಗೆಡ್ಡೆಯ ನಾಡತಳಿಗಳು 4,000ಕ್ಕೂ ಹೆಚ್ಚು. ಕೆಂಪು, ನೇರಳೆ, ಕಪ್ಪು ಗೆಡ್ಡೆಗಳನ್ನು ಅಲ್ಲಿನ ರೈತ ಒಂದೇ ಹೊಲದಲ್ಲಿ ಬೆರೆಸಿ ನೆಡುತ್ತಾನೆ. ಒಂದು ತಳಿ ಹಿಮಕ್ಕೆ ಸತ್ತರೆ ಇನ್ನೊಂದು ಉಳಿಯುತ್ತದೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ? ಗೆಡ್ಡೆಯಿಂದಲೇ ಗೆಡ್ಡೆ ಬೆಳೆಸುವುದರಿಂದ ಒಂದು ತಳಿಯ ಗಿಡಗಳೆಲ್ಲ ಆನುವಂಶಿಕವಾಗಿ ಒಂದೇ. ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ. ಬಹುಮಟ್ಟಿಗೆ ಒಂದೇ ತಳಿ ನಂಬಿದ್ದ ಐರ್‌ಲ್ಯಾಂಡಿಗೆ 1845ರಲ್ಲಿ ಅಂಗಮಾರಿ ರೋಗ ಬಂದು, ನಂತರದ ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹಾಸನದಲ್ಲೂ ದಶಕಗಳ ಕಾಲ ಮುಖ್ಯವಾಗಿ ಬೆಳೆದದ್ದು 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ಒಂದು ತಳಿ. ಬಿತ್ತನೆ ಗೆಡ್ಡೆ ಲಾರಿಗಳಲ್ಲಿ ಬರುವುದು ಪಂಜಾಬಿನಿಂದ. ಈ ಶತಮಾನದ ಮೊದಲ ದಶಕದಿಂದ ಅದೇ ಅಂಗಮಾರಿ ಇಲ್ಲಿನ ಹೊಲಗಳನ್ನೂ ಕರಿಕಾಗಿಸಿತು. ಸಾಲ ಮಾಡಿ ಬಿತ್ತನೆ ತಂದವರು ಕೈಸುಟ್ಟುಕೊಂಡರು. ಅನೇಕರು ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದರು.

ಅದಕ್ಕೇ ಈ ಪ್ರವಾಸದಲ್ಲಿ ಎರಡು ಜಾಗಗಳನ್ನು ಬಿಡಬೇಡಿ. ಒಂದು, ಲಿಮಾದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ. ಸಾವಿರಾರು ತಳಿಗಳನ್ನು ಅಲ್ಲಿ ಕಾಪಾಡಿದ್ದಾರೆ. ಇನ್ನೊಂದು, ಪಿಸಾಕ್ ಬಳಿಯ ಆಲೂಗೆಡ್ಡೆ ಉದ್ಯಾನ. ಅಲ್ಲಿ ಕೆಚುವಾ ಹಳ್ಳಿಗರೇ ತಳಿಗಳನ್ನು ಬೆಳೆದು ಉಳಿಸುತ್ತಿದ್ದಾರೆ. 2004ರ ಒಪ್ಪಂದದಂತೆ ಲಿಮಾ ಕೇಂದ್ರವು ಹಿಂದೆ ಸಂಗ್ರಹಿಸಿದ್ದ ತಳಿಗಳನ್ನು ಆ ಹಳ್ಳಿಗಳಿಗೇ ಮರಳಿಸಿತು.

ಹೊರಡುವ ಮುನ್ನ ಹಾಸನದ ಬಳಿಯ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೂ ಹೋಗಿಬನ್ನಿ. ಅಂಗಾಂಶ ಕೃಷಿಯ ಗಿಡದ ಕುಡಿಗಳಿಗೆ ಬೇರು ಬರಿಸಿ, ರೋಗವಿಲ್ಲದ ಬಿತ್ತನೆಯನ್ನು ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಪ್ರಯತ್ನ ಲಿಮಾ ಕೇಂದ್ರದ ಸಹಕಾರದೊಂದಿಗೆ ಇಲ್ಲಿ ನಡೆದಿದೆ. ರೋಗ ತಡೆಯುವ ಹೊಸ ತಳಿಗಳೂ ರೈತರ ಹೊಲ ಸೇರುತ್ತಿವೆ.

ಆ ವಿದ್ಯಾರ್ಥಿನಿ ತನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ "ಲಿಮಾ" ಎಂದು ಬರೆದಿದ್ದಳು. ನನ್ನ ಮಾತು ಮುಗಿದ ಮೇಲೆ ಅದರ ಮೇಲ್ಗಡೆ ಒಂದು ಸಾಲು ಸೇರಿಸಿದಳು: "ಮೊದಲು ನಮ್ಮ ತಾತನ ಹೊಲ." ನೀವೂ ಈ ರಜೆಯಲ್ಲಿ ನಿಮ್ಮ ಊರಿನ ಹಿರಿಯರೊಬ್ಬರನ್ನು ಕೇಳಿ: ಅವರ ಕಾಲದಲ್ಲಿ ಎಷ್ಟು ಬಗೆಯ ರಾಗಿ, ಭತ್ತ, ಅವರೆ ಇದ್ದವು, ಈಗ ಎಷ್ಟು ಉಳಿದಿವೆ? ಆ ಪಟ್ಟಿಯನ್ನು ಜೊತೆಗೊಯ್ಯಿರಿ. ಪಿಸಾಕಿನ ರೈತರು ನಿಮ್ಮ ಊರಿನ ಬೆಳೆಗಳ ಬಗ್ಗೆ ಕೇಳಿದರೆ ಹೇಳಲು ನಿಮ್ಮಲ್ಲಿ ಉತ್ತರವಿರಬೇಕಲ್ಲವೇ?