ಕರ್ತೃ ಯಾರು? ಇಂಗ್ಲಿಷ್ ಗ್ರಾಮರ್ ಮತ್ತು ನಮ್ಮ ಕೇರಿಯ ಇತಿಹಾಸ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಸ್ಸೆಸ್ಸೆಲ್ಸಿ ಹುಡುಗ್ರನ್ನ ಯಾವ ವಿಷಯ ಕಠಿಣ ಅಂತ ಕೇಳಿ ನೋಡ್ರಿ. ಗಣಿತ, ಇಲ್ಲಾಂದ್ರ ಇಂಗ್ಲಿಷ್ ಅಂತಾರ. ಇಂಗ್ಲಿಷಿನಾಗ ಏನು ಕಠಿಣ ಅಂದ್ರ "ಗ್ರಾಮರ್ ರೀ ಅಣ್ಣಾ" ಅಂತಾರ. ನಮ್ಮ ಸಂಘಟನೆಯ ಗೆಳೆಯರೂ ಗ್ರಾಮರ್ ಅಂದ್ರ ಪರೀಕ್ಷೆಯ ಮಾತು, ಟ್ಯೂಷನ್ನಿನ ಮಾತು, ಅದಕ್ಕೂ ಹೋರಾಟಕ್ಕೂ ಏನು ಸಂಬಂಧ ಅಂತಾರ. ಸಂಬಂಧ ಐತಿ. ಕರ್ತೃ, ಕರ್ಮ, ಕ್ರಿಯಾಪದ ಅನ್ನೋ ಮೂರು ಶಬ್ದದ ಸುತ್ತ ನಮ್ಮ ಜನರ 160ಕ್ಕೂ ಹೆಚ್ಚು ವರ್ಷದ ಇತಿಹಾಸ ಐತಿ. ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊದಲು ಧಾರವಾಡಕ್ಕೆ ಹೋಗೋಣ. ಆಗ ಬೆಳಗಾವಿ, ಧಾರವಾಡ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 1856ರ ಜೂನ್ ತಿಂಗಳು. ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಲು ಹೋದ. ಎಲ್ಲರಂತೆ ಫೀ ಕಟ್ಟಲು ತಯಾರಿದ್ದ. ಆದರೂ ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನೆ ಮನೆಗೆ ಬರಲಿಲ್ಲ, ಮುಂಬಯಿ ಸರಕಾರಕ್ಕೇ ಅರ್ಜಿ ಹಾಕಿದ. ಬಾಬಾಸಾಹೇಬರು ಹುಟ್ಟೋದಕ್ಕೆ 35 ವರ್ಷ ಮೊದಲಿನ ಮಾತು ಇದು.

1856ರ ಜುಲೈ 21ರಂದು ಸರಕಾರದ ಠರಾವು ಬಂತು. ಅದರ ಸಾರ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೆ ಇದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ಪೂರ್ವಗ್ರಹದಲ್ಲಿ ಏಕಾಏಕಿ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ದೊಡ್ಡ ಹಾನಿ ಆದೀತು. ಆದ್ದರಿಂದ ಸರಕಾರ ನಡುವೆ ಬರೋದಿಲ್ಲ.

ನಾನು ಆಫೀಸಿನಲ್ಲಿ ಕ್ಲಾರ್ಕ್. ದಿನಾ ಪತ್ರ, ಟಿಪ್ಪಣಿ, ಆದೇಶ ಓದೋದೇ ಕೆಲಸ. ಆ ಕಣ್ಣಿನಿಂದ ಈ ಠರಾವು ನೋಡ್ರಿ. ಹುಡುಗನನ್ನ ಹೊರಗಿಟ್ಟವರು ಯಾರು? ಮಾಸ್ತರನೋ, ಊರಿನ ದೊಡ್ಡವರೋ? ಹೆಸರಿಲ್ಲ. ಪೂರ್ವಗ್ರಹ ಯಾರದು? ಯುಗಯುಗಗಳದ್ದಂತೆ! ಯುಗವನ್ನ ಯಾವ ಕೋರ್ಟಿನ ಮುಂದೆ ನಿಲ್ಲಿಸಬೇಕು? ವಾಕ್ಯದಲ್ಲಿ ಕರ್ತೃವಿನ ಜಾಗದಲ್ಲಿ ಮನುಷ್ಯ ಇರಬೇಕಾಗಿತ್ತು. ಅಲ್ಲಿ ಒಂದು ಭಾವನಾಮ ತಂದು ಕೂರಿಸಿದರು. ತಪ್ಪು ಮಾಡಿದವನು ವಾಕ್ಯದಿಂದಲೇ ತಪ್ಪಿಸಿಕೊಂಡ.

ವಿಷಯ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಭಾರತ ಸರಕಾರ ಪತ್ರ ಬರೆದು, ಬಂಗಾಳದ ಸರಕಾರಿ ಶಾಲೆಯಾಗಿದ್ದರೆ ಇಂಥ ಹುಡುಗನನ್ನ ನಿರಾಕರಿಸುತ್ತಿರಲಿಲ್ಲ ಅನ್ನೋ ಅರ್ಥದ ಮಾತು ಹೇಳಿತು. 1858ರಲ್ಲಿ ಲಂಡನ್ನಿನ ಡೈರೆಕ್ಟರುಗಳು ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ಸೇರಿದ್ದು ಅಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. ನೆಲದ ಮೇಲೆ ಏನಾಯಿತು ಅನ್ನೋದಕ್ಕೆ ಲೆಕ್ಕ ಐತಿ. 1881-82ರಲ್ಲಿ ಇಡೀ ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿ ಅಂತ ಬರೆಸಿದ ಹಿಂದೂ ಮಕ್ಕಳು 2862. ಮಿಡ್ಲ್ ಸ್ಕೂಲಿನಲ್ಲಿ 17. ಹೈಸ್ಕೂಲಿನಲ್ಲಿ ಸೊನ್ನೆ. ಕಾಲೇಜಿನಲ್ಲಿ ಸೊನ್ನೆ.

ಆ 17 ಯಾಕೆ ಮುಖ್ಯ ಅಂದ್ರ, ಆ ಕಾಲದಲ್ಲಿ ಪ್ರಾಥಮಿಕ ಶಾಲೆ ನಡೀತಿದ್ದದ್ದು ದೇಶಭಾಷೆಯಲ್ಲಿ. ಇಂಗ್ಲಿಷಿನ ದಾರಿ ಶುರುವಾಗೋದೇ ಅದರ ಮುಂದಿನ ಹಂತದಿಂದ. ಮೇಲಿನ ಹಂತದ ಕಚೇರಿ, ಕೋರ್ಟು, ಠರಾವು ಇಂಗ್ಲಿಷಿನಲ್ಲಿ. ನಮ್ಮ ಬಗ್ಗೆ ಬರೆದ ವಾಕ್ಯವನ್ನ ನಮ್ಮವರೇ ಓದಲಾರದ ಹಾಗೆ ವ್ಯವಸ್ಥೆ ಇತ್ತು. ಇದನ್ನ ಮೊದಲು ಕಂಡವರು ಫುಲೆ ದಂಪತಿ. ಸಾವಿತ್ರಿಬಾಯಿ ಅವರ 1854ರ ಕವನ ಸಂಕಲನದಲ್ಲೇ ಇಂಗ್ಲಿಷ್ ಕಲಿಯಿರಿ ಅನ್ನೋ ಕರೆ ಇದೆ. ಜೋತಿಬಾ 1882ರಲ್ಲಿ ಹಂಟರ್ ಕಮಿಷನ್ ಮುಂದೆ, ರೈತರ ತೆರಿಗೆ ಹಣ ಮೇಲ್ವರ್ಗದವರ ಶಿಕ್ಷಣಕ್ಕೆ ಹೋಗ್ತಿದೆ ಅಂತ ನೇರವಾಗಿ ಹೇಳಿದರು.

ಇನ್ನು ಬಾಬಾಸಾಹೇಬರ ಮನೆಗೆ ಬರೋಣ. ತಂದೆ ರಾಮಜಿ ಸುಭೇದಾರರು ಮಿಲಿಟರಿ ಶಾಲೆಯಲ್ಲಿ ಕಲಿಸಿದವರು. ಮಗನಿಗೆ ಇಂಗ್ಲಿಷ್ ಗಟ್ಟಿಯಾಗಲಿ ಅಂತ ತರ್ಖಡಕರ ಅವರ ಭಾಷಾಂತರ ಪಾಠಮಾಲೆ ಓದಿಸಿದರು. ಮರಾಠಿ ವಾಕ್ಯ ಇಂಗ್ಲಿಷಿಗೆ, ಇಂಗ್ಲಿಷ್ ವಾಕ್ಯ ಮರಾಠಿಗೆ ಮಾಡುವ ಅಭ್ಯಾಸದ ಪುಸ್ತಕ ಅದು. ಭೀಮರಾವ್‌ಗೆ ಶಾಲೆಯಲ್ಲಿ ಸಂಸ್ಕೃತ ಕಲಿಯೋ ಆಸೆ ಇತ್ತು. ಅಸ್ಪೃಶ್ಯನಿಗೆ ಸಂಸ್ಕೃತ ಕಲಿಸಲು ಒಪ್ಪಲಿಲ್ಲ, ಪರ್ಶಿಯನ್ ತಗೊಬೇಕಾಯಿತು. ದೇವಭಾಷೆಯ ವ್ಯಾಕರಣ ಮುಟ್ಟಿಸಿಕೊಳ್ಳದೇ ಹೋದಾಗ ಇಂಗ್ಲಿಷ್ ವ್ಯಾಕರಣ ಕೈಹಿಡಿಯಿತು.

1928ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಸೈಮನ್ ಕಮಿಷನ್‌ಗೆ ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಬಗ್ಗೆ ಮನವಿ ಕೊಟ್ಟರು. ಅದರಲ್ಲಿ ನಮ್ಮ ಧಾರವಾಡದ ಹುಡುಗನ ಪ್ರಕರಣ ಇದೆ! 1856ರ ಠರಾವು ಇದೆ, ಸೊನ್ನೆ-ಸೊನ್ನೆ ಲೆಕ್ಕವೂ ಇದೆ. ಸರಕಾರ ತನ್ನ ಭಾಷೆಯಲ್ಲಿ ಮುಚ್ಚಿಟ್ಟ ಕರ್ತೃವನ್ನ 72 ವರ್ಷದ ಮೇಲೆ ಅದೇ ಭಾಷೆಯಲ್ಲಿ ಹೊರಗೆ ಎಳೆದು, ನಮಗೆ ಶಿಕ್ಷಣ ತಪ್ಪಿಸಿದ್ದು ಯುಗ ಅಲ್ಲ, ನಿಮ್ಮ ನೀತಿ ಅಂತ ಎದುರಿಗೆ ಇಟ್ಟರು.

ನಮ್ಮ ಜಿಲ್ಲೆಗೂ ಇದಕ್ಕೂ ನಂಟು ಐತಿ. 1925ರಲ್ಲಿ ಬಾಬಾಸಾಹೇಬರು ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದರು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ನಿಪ್ಪಾಣಿ ಎಷ್ಟು ದೂರ ಹೇಳ್ರಿ? 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ಆಯಿತು. ಯಾವ ಊರಿನಲ್ಲಿ ಬಾಗಿಲು ಹಾಕಿದ್ದರೋ ಅದೇ ಊರಿನಲ್ಲಿ! ಅದನ್ನ ನೋಡಿಕೊಂಡವರು ನಿಪ್ಪಾಣಿಯ ಬಿ.ಎಚ್. ವರಾಳೆ. ಅವರ ಮೊಮ್ಮಗ ಪ್ರಸನ್ನ ವರಾಳೆ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆದರು.

ಈಗ ಒಂದು ತಕರಾರು ಬರ್ತದ. "ಹಂಗಾದ್ರ ನೀವು ಕನ್ನಡ ವಿರೋಧಿಗಳೇನು?" 1973ರಲ್ಲಿ ಬಸವಲಿಂಗಪ್ಪನವರಿಗೂ ಇದನ್ನೇ ಕೇಳಿದರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ, ನಮ್ಮ ಮಕ್ಕಳು ಇಂಗ್ಲಿಷ್ ಕಲೀಬೇಕು ಅಂದಿದ್ದಕ್ಕೆ ಮಂತ್ರಿಗಿರಿಯೇ ಹೋಯಿತು, ದಲಿತ ಹುಡುಗರ ಮೇಲೆ ಹಲ್ಲೆ ಆಯಿತು. 1982ರ ಗೋಕಾಕ್ ಚಳವಳಿ ಎಲ್ಲರಿಗೂ ಗೊತ್ತು. ಅದು ನಮ್ಮ ಗೋಕಾಕ ಊರಿನದಲ್ಲ, ವಿ.ಕೃ. ಗೋಕಾಕರ ವರದಿಯದು. ಕನ್ನಡ ಮೊದಲ ಭಾಷೆ ಆಗಬೇಕು ಅನ್ನೋದು ನ್ಯಾಯದ ಬೇಡಿಕೆ. ಆದರೆ ಆ ವರದಿ ಬರೆದ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು ಅನ್ನೋದನ್ನೂ ನೆನಪಿಡ್ರಿ. ಎರಡೂ ಭಾಷೆ ಕೈಯಲ್ಲಿದ್ದವರಿಗೆ ಆಯ್ಕೆ ಮಾಡೋದು ಸುಲಭ. ನಮಗೂ ಎರಡೂ ಬೇಕು, ಅಷ್ಟೇ. ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದೇ 2007-08ರಲ್ಲಿ. ಅಲ್ಲಿಯವರೆಗೆ ಕಾನ್ವೆಂಟಿಗೆ ಹೋದವರ ಮಕ್ಕಳು ಎಷ್ಟು ಮುಂದೆ ಹೋಗಿದ್ದರು ಲೆಕ್ಕ ಹಾಕ್ರಿ.

ಕನ್ನಡ ನಮ್ಮ ತಾಯಿ ಮಾತು. ಆದರೆ ಅದರ ಕ್ರಿಯಾಪದದಲ್ಲಿ ಜಾತಿ ಕೂತಿದೆ ಅನ್ನೋದು ಸುಳ್ಳಲ್ಲ. ಊರ ಹಿರಿಯ "ಬಂದರು", ಅದೇ ವಯಸ್ಸಿನ ನಮ್ಮಪ್ಪ "ಬಂದ". ಅವರು ಭೀಮಪ್ಪನವರು, ಇವನು ಭೀಮ್ಯಾ. ಇಂಗ್ಲಿಷಿನಲ್ಲಿ ಇಬ್ಬರಿಗೂ "ಹೀ ಕೇಮ್" ಒಂದೇ. ಎದುರಿಗೆ ನಿಂತವರು ಯಾರೇ ಇರಲಿ, "ಯೂ" ಒಂದೇ. ಹಾಗಂತ ಇಂಗ್ಲಿಷ್ ಮಾತಾಡುವವರಿಗೆ ಜಾತಿ ಇಲ್ಲ ಅಂತ ನಾನು ಹೇಳೋದಿಲ್ಲ. ಇಂಗ್ಲಿಷನ್ನೇ ಅಗ್ರಹಾರ ಮಾಡಿಕೊಂಡವರನ್ನ ದಿನಾ ನೋಡ್ತೀವಿ.

ಈಗ ಮುಖ್ಯ ವಿಷಯ. ಪ್ಯಾಸಿವ್ ವಾಯ್ಸ್, ಅಂದ್ರ ಕರ್ಮಣಿ ಪ್ರಯೋಗ. ನಮ್ಮ ಕೇರಿಯ ಅವ್ವಂದಿರು ಯಾರೂ ಕರ್ಮಣಿಯಲ್ಲಿ ಮಾತಾಡೋದಿಲ್ಲ. "ಅಂವ ನನ್ನ ಮಗನ್ನ ಹೊಡದ" ಅಂತ ನೇರ ಹೇಳ್ತಾರ. ಅದೇ ಮಾತು ಅರ್ಜಿ ಬರೆಯುವವರ ಕೈಗೆ ಹೋದ ಕೂಡಲೇ "ನನ್ನ ಮಗನ ಮೇಲೆ ಹಲ್ಲೆ ಮಾಡಲಾಗಿದೆ" ಆಗ್ತದ. ಹೊಡೆದವ ಮಾಯ! ಈ "ಮಾಡಲಾಗಿದೆ, ತಿರಸ್ಕರಿಸಲಾಗಿದೆ, ಸೂಚಿಸಲಾಗಿದೆ" ಅನ್ನೋ ಕಚೇರಿ ಕನ್ನಡ ಬೆಳೆದದ್ದೇ ಇಂಗ್ಲಿಷ್ ಪ್ಯಾಸಿವ್‌ನ ನೆರಳಲ್ಲಿ. 1856ರ ಠರಾವಿನ ರೋಗ ಇವತ್ತಿಗೂ ನಮ್ಮ ಅರ್ಜಿಗಳಲ್ಲಿ ಐತಿ.

ಕಾನೂನು ಹೇಗೆ ಬರೀತದ ನೋಡ್ರಿ. 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಂ ಶುರುವಾಗೋದೇ "ಹೂಎವರ್" ಅನ್ನೋ ಶಬ್ದದಿಂದ, ಅಂದ್ರ "ಯಾವನೇ ಆಗಲಿ". ಪರಿಶಿಷ್ಟರಲ್ಲದ ಯಾವನೇ ಆಗಲಿ ಇಂಥಿಂಥದ್ದು ಮಾಡಿದರೆ, ಅಂತ ಉದ್ದ ಪಟ್ಟಿ. ಕೊನೆಗೆ ಶಿಕ್ಷೆ. ಮಾಡಿದವನೇ ಕರ್ತೃ, ಮೊದಲ ಜಾಗ ಅವನದು. ಅಸ್ಪೃಶ್ಯತೆ ರದ್ದು ಮಾಡುವ ಸಂವಿಧಾನದ 17ನೇ ವಿಧಿಯ ಮೊದಲ ಮಾತು ಇಂಗ್ಲಿಷಿನಲ್ಲಿ ಪ್ಯಾಸಿವ್‌ನಲ್ಲೇ ಇದೆ. ಸಂವಿಧಾನ ಸಭೆ 1948ರ ನವೆಂಬರ್ 29ರಂದು ಒಪ್ಪಿದ ಮಾತು ಅದು. ಅಲ್ಲಿ ಪ್ಯಾಸಿವ್ ತಪ್ಪಲ್ಲ, ಯಾಕಂದ್ರ ರದ್ದು ಮಾಡಿದವರು ಯಾರು ಅನ್ನೋದು ಪೀಠಿಕೆಯಲ್ಲೇ ಇದೆ. ಪೀಠಿಕೆ ಪೂರ್ತಿ ಒಂದೇ ವಾಕ್ಯ. ಅದರ ಕರ್ತೃ "ವೀ", ನಾವು, ಈ ದೇಶದ ಜನ. ಧಾರವಾಡದ ಶಾಲೆಯ ಹೊರಗೆ ನಿಂತವರು ದೇಶದ ಅತಿ ದೊಡ್ಡ ವಾಕ್ಯದ ಕರ್ತೃ ಆದರು.

ಪ್ರಿಪೊಸಿಷನ್ ಕೂಡ ಸಣ್ಣ ವಿಷಯ ಅಲ್ಲ. ಜಾತಿ ನಿಂದನೆಯ ಕಲಂನಲ್ಲಿ "ಸಾರ್ವಜನಿಕ ಸ್ಥಳದಲ್ಲಿ" ಅಂತ ಇಲ್ಲ. "ಸಾರ್ವಜನಿಕರ ದೃಷ್ಟಿಗೆ ಬೀಳುವ ಯಾವುದೇ ಸ್ಥಳದಲ್ಲಿ" ಅಂತ ಇದೆ. 2008ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸ ಬಿಡಿಸಿ ಹೇಳಿತು. ಮನೆ ಖಾಸಗಿ ಆದರೂ ಅದರ ಗೇಟಿನ ಮುಂದೆ ಜನರಿಗೆ ಕಾಣುವಂತೆ ಬೈದರೆ ಕಲಂ ಹತ್ತುತ್ತದೆ. 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ, ನಾಲ್ಕು ಗೋಡೆ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆದ ನಿಂದನೆಗೆ ಆ ಕಲಂ ಹತ್ತುವುದಿಲ್ಲ ಅಂತ ಬಂತು. ಅಂದ ಮೇಲೆ ದೂರಿನಲ್ಲಿ "ಮನೆ ಹತ್ತಿರ ನಿಂದಿಸಲಾಗಿದೆ" ಅಂತ ಬರೆದರೆ ಕೇಸು ಅಲ್ಲೇ ಅರ್ಧ ಸತ್ತಂಗ. ಯಾರು, ಯಾರಿಗೆ, ಯಾವ ಶಬ್ದ ಬಳಸಿ, ಎಲ್ಲಿ ನಿಂತು, ಎಷ್ಟು ಗಂಟೆಗೆ, ಯಾರ ಎದುರಿಗೆ ಬೈದರು? ನಡೆದದ್ದನ್ನ ನಡೆದ ಹಾಗೇ, ಕರ್ತೃ ಮೊದಲಿಟ್ಟು ಬರೀರಿ.

ಹುಡುಗರಿಗೆ ಗ್ರಾಮರ್ ಯಾಕೆ ಹತ್ತೋದಿಲ್ಲ? ಡೆಫಿನಿಷನ್ ಬಾಯಿಪಾಠ ಮಾಡಿಸ್ತಾರ, ಎರಡು ಭಾಷೆ ಎಲ್ಲಿ ಬೇರೆ ಆಗ್ತಾವ ಅನ್ನೋದನ್ನ ಹೇಳೋದಿಲ್ಲ. ಎರಡೇ ಉದಾಹರಣೆ ಕೊಡ್ತೀನಿ.

ಒಂದು. "ಭೀಮ ರಾಜುನನ್ನು ನೋಡಿದ", "ರಾಜುನನ್ನು ಭೀಮ ನೋಡಿದ". ಕನ್ನಡದಲ್ಲಿ ಹೆಂಗ ತಿರುವಿದರೂ ನೋಡಿದವನು ಭೀಮನೇ, ಯಾಕಂದ್ರ "ಅನ್ನು" ಪ್ರತ್ಯಯ ಕರ್ಮವನ್ನ ತೋರಸ್ತದ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಇಲ್ಲ, ಜಾಗವೇ ಎಲ್ಲಾ. "ಭೀಮ ಸಾ ರಾಜು" ಅಂದರೆ ನೋಡಿದವನು ಭೀಮ. "ರಾಜು ಸಾ ಭೀಮ" ಅಂದರೆ ರಾಜು.

ಎರಡು. "ನಾನು ಕ್ಲಾರ್ಕ್". ಕನ್ನಡದಲ್ಲಿ ಕ್ರಿಯಾಪದ ಇಲ್ಲದೇ ವಾಕ್ಯ ಪೂರ್ತಿ. ಇಂಗ್ಲಿಷಿಗೆ "ಆ್ಯಮ್" ಬೇಕೇ ಬೇಕು. "ಐ ಕ್ಲಾರ್ಕ್" ಅಂತ ಬರೆದ ಹುಡುಗ ದಡ್ಡ ಅಲ್ಲ, ತನ್ನ ತಾಯಿ ಮಾತಿನ ನಿಯಮ ಪಾಲಿಸಿದ್ದಾನೆ. ಅವನಿಗೆ ಬೈಬ್ಯಾಡ್ರಿ, ವ್ಯತ್ಯಾಸ ತೋರಿಸ್ರಿ. ರಾಮಜಿ ಸುಭೇದಾರರು ಮಗನಿಗೆ ಮಾಡಿಸಿದ್ದೂ ಇದನ್ನೇ: ಎರಡು ಭಾಷೆಯ ವಾಕ್ಯ ಎದುರು ಬದುರು ಇಟ್ಟು ಕಲಿಸೋದು.

ನನ್ನ ಕೋರಿಕೆ ಇಷ್ಟು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ನಮ್ಮ ಸಮುದಾಯ ಭವನಗಳು ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ ತೆರೆದು ಮತ್ತೆ ಬೀಗ ಹಾಕಿಸಿಕೊಳ್ಳೋದು ಬೇಡ. ವಾರಕ್ಕೆ ಎರಡು ಸಂಜೆ ತೆರೀರಿ. ಡಿಗ್ರಿ ಮುಗಿಸಿದ ನಮ್ಮ ಹೆಣ್ಣುಮಕ್ಕಳು, ಗಂಡುಮಕ್ಕಳು ಪ್ರತಿ ಊರಲ್ಲಿ ಇದ್ದಾರ. ಅವರೇ ಕಲಿಸಲಿ. ಮೊದಲ ಪಾಠ ಪೀಠಿಕೆ. ಅದರಲ್ಲಿ ಕರ್ತೃ ಹುಡುಕಿಸ್ರಿ, ಕ್ರಿಯಾಪದ ಹುಡುಕಿಸ್ರಿ. ಎರಡನೇ ಪಾಠ 3ನೇ ಕಲಂ. ಮೂರನೇ ಪಾಠ, ಒಂದು ಮಾಹಿತಿ ಹಕ್ಕು ಅರ್ಜಿಯನ್ನ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸೋದು. ಪರೀಕ್ಷೆಯ ಅಂಕ ತಾನಾಗೇ ಬರ್ತಾವ.

ಧಾರವಾಡದ ಆ ಹುಡುಗ ಫೀ ಕೈಯಲ್ಲಿ ಹಿಡಿದು ನಿಂತಿದ್ದ. ನಮ್ಮ ಮಕ್ಕಳಿಗೆ ಈಗ ಶಾಲೆ ಇದೆ, ಪುಸ್ತಕ ಇದೆ, ಕಾನೂನು ಇದೆ. ವಾಕ್ಯ ಬರೆಯೋದು ಕಲಿಸೋ ಕೆಲಸ ನಮ್ಮ ಮೇಲಿದೆ. ನಿಮ್ಮ ಊರಲ್ಲಿ ಯಾರು ಕಲಿಸ್ತಾರ, ಯಾವ ವಾರ ಕಲಿಸ್ತಾರ, ಕೆಳಗೆ ಬರೀರಿ. "ಪ್ರಯತ್ನಿಸಲಾಗುವುದು" ಅಂತ ಮಾತ್ರ ಬರೀಬ್ಯಾಡ್ರಿ. ಹೆಸರು ಹಾಕಿ ಬರೀರಿ.

ಜೈ ಭೀಮ್. ಜೈ ಸಾವಿತ್ರಿ.