ಕೋವಿಯ ಚರ್ಮದ ಒರೆ

ಕೋವಿಯ ಚರ್ಮದ ಒರೆಯು ಬಂದೂಕು, ಪಿಸ್ತೂಲು ಅಥವಾ ರಿವಾಲ್ವರನ್ನು ಹೊತ್ತೊಯ್ಯುವಾಗ ಮುಚ್ಚಿಡಲು ಬಳಸುವ ಹೊದಿಕೆಯಾಗಿದೆ. ಸೊಂಟಪಟ್ಟಿಗೆ ಸಿಕ್ಕಿಸುವ ಚಿಕ್ಕ ಒರೆಯನ್ನು ಹೋಲ್‌ಸ್ಟರ್ ಎಂದೂ ಉದ್ದನೆಯ ಬಂದೂಕಿನ ಒರೆಯನ್ನು ಕೋವಿಚೀಲ ಎಂದೂ ಕರೆಯಬಹುದು. ಇದು ಸಾಗಣೆಯ ಸಾಧನವೇ ಹೊರತು ಸಂಗ್ರಹಣೆಯ ಸಾಧನವಲ್ಲ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದಂತಹ ಹೆಚ್ಚು ಮಳೆ ಬೀಳುವ ಕಾಫಿ ಸೀಮೆಗಳಲ್ಲಿ ಈ ವ್ಯತ್ಯಾಸಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಮಲೆನಾಡಿನಲ್ಲಿ ಬಂದೂಕನ್ನು ಸಾಮಾನ್ಯವಾಗಿ ಕೋವಿ ಎನ್ನುತ್ತಾರೆ. ಕಾಡಂಚಿನ ತೋಟ ಮತ್ತು ಗದ್ದೆಗಳಿಗೆ ಕಾಡುಹಂದಿ, ಮಂಗ, ಕಾಟಿ ಹಾಗೂ ಆನೆಗಳ ಹಾವಳಿ ಇರುವುದರಿಂದ ಅನೇಕ ಬೆಳೆಗಾರರು ಪರವಾನಗಿ ಪಡೆದು ಒಂಟಿನಳಿಗೆ ಅಥವಾ ಜೋಡುನಳಿಗೆಯ ಕೋವಿಗಳನ್ನು ಇಟ್ಟುಕೊಂಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ನಿರ್ಬಂಧಿಸಿದೆ. ಕೋವಿಯ ಪರವಾನಗಿಯು ಬೇಟೆಯ ಅನುಮತಿಯಲ್ಲ.

ವಿಧಗಳು

* ಕೋವಿಚೀಲ: ಕೋವಿಯನ್ನು ಇಡಿಯಾಗಿ ಸೇರಿಸುವ, ಹೆಗಲಪಟ್ಟಿಯುಳ್ಳ ಉದ್ದನೆಯ ಚೀಲ.
* ಕೋವಿಪೆಟ್ಟಿಗೆ: ಮಡಚುವ ಕೋವಿಯ ನಳಿಗೆಯನ್ನೂ ಹಿಡಿಯನ್ನೂ ಬೇರ್ಪಡಿಸಿ ಇಡುವ ಗಡುಸು ಪೆಟ್ಟಿಗೆ.
* ಹೋಲ್‌ಸ್ಟರ್: ಪಿಸ್ತೂಲು, ರಿವಾಲ್ವರುಗಳ ಸೊಂಟದ ಒರೆ.
* ತೋಟಾಪಟ್ಟಿ: ತೋಟಾಗಳನ್ನು ಸಿಕ್ಕಿಸುವ ಕುಣಿಕೆಗಳುಳ್ಳ ಪಟ್ಟಿ.

ಆಯ್ಕೆ

ಚರ್ಮವನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಹದ ಮಾಡಲಾಗುತ್ತದೆ. ಮರದ ತೊಗಟೆಗಳ ಒಗರಿನಿಂದ ಹದಗೊಂಡ ಚರ್ಮವು ಗಡುಸಾಗಿದ್ದು, ಒದ್ದೆ ಮಾಡಿ ಅಚ್ಚಿಗೆ ಒತ್ತಿದರೆ ಆಯುಧದ ಆಕಾರವನ್ನೇ ತಾಳುತ್ತದೆ. ಆದ್ದರಿಂದ ಹೋಲ್‌ಸ್ಟರಿಗೆ ಇದನ್ನೇ ಬಳಸುವುದು ರೂಢಿ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆಯು ಇದಕ್ಕೆ ಪ್ರಸಿದ್ಧವಾಗಿತ್ತು. ಕ್ರೋಮಿಯಂ ಲವಣಗಳಿಂದ ಹದಗೊಂಡ ಚರ್ಮವು ಮೃದುವಾಗಿದ್ದು, ನೀರನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಹೋಲ್‌ಸ್ಟರಿನಲ್ಲಿ ಮೂರು ಅಂಶಗಳನ್ನು ಪರೀಕ್ಷಿಸಬೇಕು. ಕುದುರೆ ಅಂದರೆ ಟ್ರಿಗರ್ ಸಂಪೂರ್ಣವಾಗಿ ಮುಚ್ಚಿರಬೇಕು. ಬಗ್ಗಿದರೂ ಓಡಿದರೂ ಆಯುಧ ಜಾರಬಾರದು. ಆಯುಧವನ್ನು ಹೊರತೆಗೆದ ನಂತರವೂ ಒರೆಯ ಬಾಯಿ ತೆರೆದೇ ಇರಬೇಕು. ಸವೆದು ಮೆತ್ತಗಾದ ಒರೆಯ ಅಂಚು ಒಳಕ್ಕೆ ಮಡಚಿಕೊಂಡರೆ, ಆಯುಧವನ್ನು ಮತ್ತೆ ಸೇರಿಸುವಾಗ ಕುದುರೆಗೆ ಸಿಕ್ಕಿ ಗುಂಡು ಹಾರುವ ಅಪಾಯವಿದೆ. ಅಂತಹ ಒರೆಯನ್ನು ದುರಸ್ತಿ ಮಾಡದೆ ಬದಲಾಯಿಸುವುದೇ ಸೂಕ್ತ.

ಕೋವಿಚೀಲವು ಒಂದು ಬದಿಯಿಂದ ಪೂರ್ತಿಯಾಗಿ ತೆರೆಯುವಂತಿದ್ದರೆ ಒಣಗಿಸಲು ಸುಲಭ. ಉಣ್ಣೆಯ ಒಳಪದರವು ನೀರನ್ನು ಬಹುಕಾಲ ಹಿಡಿದಿಡುತ್ತದೆ.

ಮಳೆಗಾಲದ ಆರೈಕೆ

ಚರ್ಮವು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒರೆಯೊಳಗೇ ಉಳಿದ ಕೋವಿಯ ನಳಿಗೆಗೆ ತುಕ್ಕು ಹಿಡಿಯುತ್ತದೆ; ತೋಟಾಪಟ್ಟಿಯಲ್ಲಿ ಉಳಿದ ತೋಟಾಗಳ ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ತುಕ್ಕಿನಿಂದ ಕುಳಿಬಿದ್ದ ನಳಿಗೆಯೂ ಕಿಲುಬಿನಿಂದ ಕೋವಿಯೊಳಗೆ ಸಿಕ್ಕಿಕೊಳ್ಳುವ ತೋಟಾವೂ ಅಪಾಯಕಾರಿ.

* ಒರೆಗೆ ಸೇರಿಸುವ ಮೊದಲು ಕೋವಿಯನ್ನು ಮಡಚಿ, ನಳಿಗೆಯಲ್ಲಿ ತೋಟಾ ಇಲ್ಲವೆಂದು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕು.
* ಮನೆಗೆ ಬಂದ ಕೂಡಲೇ ಕೋವಿಯನ್ನು ಹೊರತೆಗೆದು, ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ಕೋವಿ ಮತ್ತು ತೋಟಾಗಳನ್ನು ಬೇರೆ ಬೇರೆಯಾಗಿ ಬೀಗ ಹಾಕಿಡಬೇಕು.
* ಒದ್ದೆಯಾದ ಒರೆಯನ್ನು ತೆರೆದು, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಒಲೆಯ ಬಳಿ ಅಥವಾ ಸುಡುಬಿಸಿಲಿನಲ್ಲಿ ಒಣಗಿಸಿದರೆ ಚರ್ಮ ಸೆಡೆತು ಬಿರಿಯುತ್ತದೆ.
* ಬೂಷ್ಟು ಹಿಡಿದಿದ್ದರೆ ಮನೆಯ ಹೊರಗೆ ಒಣ ಬ್ರಷ್‌ನಿಂದ ಉಜ್ಜಿ, ನಂತರ ಒರೆಸಿ ಒಣಗಿಸಬೇಕು.
* ಒಣಗಿದ ಮೇಲೆ ಜೇನುಮೇಣದ ಲೇಪವನ್ನು ತೆಳುವಾಗಿ ಹಚ್ಚಬಹುದು. ಹೋಲ್‌ಸ್ಟರಿಗೆ ಎಣ್ಣೆ ಹೆಚ್ಚಾದರೆ ಚರ್ಮ ಮೆತ್ತಗಾಗಿ ಬಿಗಿ ತಪ್ಪುತ್ತದೆ.

ಕಾನೂನು

ಭಾರತದಲ್ಲಿ ಬಂದೂಕು ಹೊಂದಲು 1959ರ ಆಯುಧ ಕಾಯ್ದೆಯಡಿ ಪರವಾನಗಿ ಅಗತ್ಯ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಚಿಕ್ಕಮಗಳೂರು ಜಿಲ್ಲೆಯ ಬೆಳೆಗಾರರಿಗೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿಯು ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಗಳಿಗೆ ಹೆಚ್ಚಿಸಿತು.

2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಅದಕ್ಕೆಂದೇ ತಯಾರಿಸಿದ ಒರೆ ಅಥವಾ ಚೀಲದಲ್ಲಿ, ಸಂಪೂರ್ಣವಾಗಿ ಮುಚ್ಚಿ ಒಯ್ಯಬೇಕು. ಆದ್ದರಿಂದ ತೋಟದಿಂದ ಪೇಟೆಗೆ ಕೋವಿಯನ್ನು ಸಾಗಿಸುವವರಿಗೆ ಒರೆಯು ಅನುಕೂಲ ಮಾತ್ರವಲ್ಲ, ಕಾನೂನಿನ ಅಗತ್ಯವೂ ಹೌದು. ಚುನಾವಣೆಯ ಸಂದರ್ಭದಲ್ಲಿ ಆದೇಶದಂತೆ ಠಾಣೆಯಲ್ಲಿ ಠೇವಣಿ ಇಡುವ ಕೋವಿಗಳು ವಾರಗಟ್ಟಲೆ ಅಲ್ಲಿಯೇ ಉಳಿಯುವುದರಿಂದ, ಒಪ್ಪಿಸುವ ಮೊದಲು ನಳಿಗೆಗೆ ಎಣ್ಣೆ ಸವರುವುದು ಒಳ್ಳೆಯದು.