ಮೂನ್ ಸಫಾರಿ

ಫ್ರಾನ್ಸಿನ ವರ್ಸೈ ಮೂಲದ ನಿಕೊಲಾ ಗೊದ್ಯಾಂ ಮತ್ತು ಜಾನ್-ಬೆನ್ವಾ ಡನ್ಕೆಲ್ ಜೋಡಿ ‘ಏರ್’ ಎಂಬ ಹೆಸರಿನಲ್ಲಿ 1998ರ ಜನವರಿಯಲ್ಲಿ ಹೊರತಂದ ಆಲ್ಬಮ್. ಇದರಲ್ಲಿ 10 ರಚನೆಗಳಿವೆ. ನಿಧಾನ ಲಯದ ಎಲೆಕ್ಟ್ರಾನಿಕ್ ಸಂಗೀತ, ಅಂದರೆ ಡೌನ್‌ಟೆಂಪೊ ಪ್ರಕಾರದ ಪ್ರಮುಖ ಕೃತಿಯೆಂದು ಹೆಸರಾದ ಇದನ್ನು ಹಿನ್ನೆಲೆಗೆ ಹೇಳಿಮಾಡಿಸಿದ ಹಿತವಾದ ಸದ್ದೆಂದು ಬದಿಗಿಡುವವರೂ ಇದ್ದಾರೆ. ಆ ಹಿತ ತಾನಾಗಿ ಒದಗಿದ್ದಲ್ಲ, ಎಚ್ಚರದಿಂದ ಕಟ್ಟಿದ್ದು. ಏಳು ನಿಮಿಷ ಮೀರುವ ಮೊದಲ ರಚನೆ ‘ಲಾ ಫಾಮ್ ದಾರ್ಜಾಂ’ ಇದಕ್ಕೆ ಸಾಕ್ಷಿ. ಅಲ್ಲಿ ಹಾಡುಗಾರಿಕೆಯಿಲ್ಲ, ಬಾಸ್ ಗಿಟಾರೇ ಮುಂದೆ ನಿಂತು ರಚನೆಯನ್ನು ನಡೆಸುತ್ತದೆ. ಅದರ ಮೇಲೆ ಎಲೆಕ್ಟ್ರಿಕ್ ಪಿಯಾನೊ, ಚಪ್ಪಾಳೆ, ಸಿಂಥಸೈಜರ್ ಒಂದೊಂದಾಗಿ ಸೇರುತ್ತವೆ. ಲಯ ಬಿರುಸಾಗದೆಯೇ ನಾದ ತುಂಬಿಕೊಳ್ಳುವ ಈ ಬಗೆ ಆಲಸ್ಯದಿಂದ ಹುಟ್ಟುವಂಥದ್ದಲ್ಲ.

1960-70ರ ದಶಕಗಳ ಚಿತ್ರಸಂಗೀತ, ಪಾಪ್ ಸಂಗೀತಗಳ ಅನುಕರಣೆ ಇದೆಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇದರಲ್ಲಿ ಬಳಸಿದ ಮೂಗ್ ಸಿಂಥಸೈಜರ್ ಆ ಕಾಲದ್ದೇ. ತಂತಿವಾದ್ಯಗಳನ್ನು ಸಂಯೋಜಿಸಿದ ಡೇವಿಡ್ ವಿಟೇಕರ್ 1960ರ ದಶಕದಲ್ಲೇ ಹೆಸರು ಮಾಡಿದವರು. ಆದರೂ ಹಳೆಯ ಸಾಮಗ್ರಿಯಿಂದ ಹೊಸ ಭಾವ ಹುಟ್ಟಿದೆ: ‘ಆಲ್ ಐ ನೀಡ್’ನಲ್ಲಿ ಅಮೆರಿಕದ ಬೆತ್ ಹರ್ಶ್ ಅವರ ಸಹಜ ಕಂಠ, ‘ಕೆಲ್ಲಿ ವಾಚ್ ದ ಸ್ಟಾರ್ಸ್’ನಲ್ಲಿ ವೋಕೋಡರ್ ಯಂತ್ರದಲ್ಲಿ ಹಾಯ್ದು ಬಂದ ದನಿ, ಎರಡೂ ಒಂದೇ ಆಲ್ಬಮ್ಮಿನೊಳಗೆ ಜಗಳವಿಲ್ಲದೆ ಬಾಳುತ್ತವೆ. ಇನ್ನು, ಕೆಫೆಗಳಲ್ಲಿ ಇಂಥ ಸಂಗೀತ ಸವೆದುಹೋಗಿದೆಯೆಂಬ ದೂರು ಅದರ ಬಳಕೆಗೆ ಸಲ್ಲಬೇಕೇ ಹೊರತು ಕೃತಿಗಲ್ಲ. ಹೊಸದಾಗಿ ಕೇಳುವವರು ಬೇರೆ ಕೆಲಸ ಬದಿಗಿಟ್ಟು, ಹೆಡ್‌ಫೋನಿನಲ್ಲಿ, ಮೊದಲ ರಚನೆಯ ಬಾಸ್ ನಡೆಯನ್ನೇ ಹಿಂಬಾಲಿಸುತ್ತ ಆರಂಭಿಸುವುದು ಒಳ್ಳೆಯದು.